ಫಿಲ್ಟರ್ ಮೇಲಿನ ಮಸಿ ಯಾವ ಹೊಗೆಯದು?

ಗಾಳಿಯಲ್ಲಿ ತೇಲುವ ಇಂಗಾಲದ ಕಣಗಳನ್ನು ಹಿಡಿದು, ಅವು ಎಲ್ಲಿಂದ ಬಂದವು ಅಂತ ಹುಡುಕುವುದು ನನ್ನ ಕೆಲಸ. ಚಾವಣಿ ಮೇಲೆ ಒಂದು ಪಂಪ್ ಇದೆ. ಅದು ನಿಮಿಷಕ್ಕೆ 16.7 ಲೀಟರ್ ಗಾಳಿ ಎಳೆಯುತ್ತದೆ. ದಿನಕ್ಕೆ ಸುಮಾರು 24 ಘನ ಮೀಟರ್ ಆಯಿತು. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಕ್ವಾರ್ಟ್ಜ್ ಫಿಲ್ಟರ್ ಮೇಲೆ ಕೂರುತ್ತವೆ.

ಮೊದಲ ಕೆಲವು ತಿಂಗಳ ಲೆಕ್ಕವನ್ನು ನಾನೇ ಕೈಬಿಡಬೇಕಾಯಿತು. ಗಾಳಿಯನ್ನೇ ಎಳೆಯದ ಖಾಲಿ ಫಿಲ್ಟರ್‌ನಲ್ಲೂ ಇಂಗಾಲ ಸಿಕ್ಕಿತ್ತು! ಕ್ವಾರ್ಟ್ಜ್ ನಾರು ಸುತ್ತಲಿನ ಆವಿಯನ್ನೂ ಹೀರಿಕೊಳ್ಳುತ್ತದೆ. ನಾನು ಫಿಲ್ಟರ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುತ್ತಿದ್ದೆ. ಈಗ ಅವನ್ನು ಮೊದಲು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸುತ್ತೇನೆ, ಕಾಯಿಸಿದ ಫಾಯಿಲ್‌ನಲ್ಲೇ ಸುತ್ತುತ್ತೇನೆ, ಚಿಮಟದಲ್ಲಿ ಮಾತ್ರ ಮುಟ್ಟುತ್ತೇನೆ. ಮಾದರಿ ಹಿಡಿದಿದ್ದು ನೇರ ಫ್ರೀಜರ್‌ಗೆ ಹೋಗುತ್ತದೆ. ಆಗಾಗ ಒಂದು ಖಾಲಿ ಫಿಲ್ಟರನ್ನೂ ಚಾವಣಿಗೆ ಒಯ್ದು, ಪಂಪ್ ಹಾಕದೆ ವಾಪಸ್ ತರುತ್ತೇನೆ. ಬೇಸರದ ಕೆಲಸವೇ. ಆದರೆ ಇದನ್ನು ಬಿಟ್ಟವರ ಅಂಕಿಗಳನ್ನು ನಾನು ನಂಬುವುದಿಲ್ಲ.

ಆಮೇಲೆ ಉಗುರಿನಷ್ಟು ತುಂಡು ಕತ್ತರಿಸಿ ಯಂತ್ರಕ್ಕೆ ಹಾಕುತ್ತೇನೆ. ಹೀಲಿಯಂನಲ್ಲಿ ಹಂತ ಹಂತವಾಗಿ ಬಿಸಿ ಮಾಡಿದಾಗ ಸಾವಯವ ಇಂಗಾಲ, ಅಂದರೆ ಹೈಡ್ರೋಜನ್ ಮುಂತಾದವುಗಳ ಜೊತೆ ಬೆಸೆದ ಇಂಗಾಲ, ಆವಿಯಾಗಿ ಹೊರಡುತ್ತದೆ. ಉಳಿದ ಕಪ್ಪು ಮಸಿ ಆಮ್ಲಜನಕ ಒಳಗೆ ಬಿಟ್ಟ ಮೇಲೆ ಉರಿಯುತ್ತದೆ. ಇಲ್ಲೊಂದು ತೊಡಕಿದೆ. ಸಾವಯವ ಇಂಗಾಲದ ಒಂದು ಪಾಲು ಆವಿಯಾಗದೆ ಫಿಲ್ಟರ್ ಮೇಲೇ ಸೀದು ಕಪ್ಪಾಗುತ್ತದೆ. ಅದೂ ಮಸಿಯ ಲೆಕ್ಕಕ್ಕೇ ಸೇರಿಬಿಟ್ಟರೆ ಇಡೀ ಲೆಕ್ಕ ಕೆಡುತ್ತದೆ, ಅಲ್ವಾ? ಅದಕ್ಕೇ ಉದ್ದಕ್ಕೂ ಒಂದು ಲೇಸರ್ ಬೆಳಕು ತುಂಡಿನ ಮೇಲೆ ಬೀಳುತ್ತಿರುತ್ತದೆ. ಸೀದು ಕಪ್ಪಾದ ತುಂಡು ಮತ್ತೆ ಮೊದಲಿನಷ್ಟೇ ತಿಳಿಯಾದ ಕ್ಷಣದಲ್ಲಿ ಗೆರೆ ಎಳೆಯುತ್ತೇವೆ. ಗೆರೆಯಿಂದ ಆಚೆ ಬಂದದ್ದು ಮಸಿ. ಬಿಸಿ ಮಾಡುವ ಕ್ರಮ ಬೇರೆಯಾದರೆ ಮಸಿಯ ಅಂಕಿಯೂ ಬೇರೆಯಾಗುತ್ತದೆ. ಎರಡು ಲ್ಯಾಬ್‌ಗಳ ಅಂಕಿಯನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ನನ್ನ ಕಣ್ಣು ತೆರೆಸಿದ್ದು ಒಂದು ಚಳಿಗಾಲದ ಫಿಲ್ಟರ್. ಅದು ಬೂದು ಬಣ್ಣಕ್ಕಿರಲಿಲ್ಲ, ತಿಳಿ ಕಂದು. ನೋಡಿದ ತಕ್ಷಣ ಇವತ್ತು ಹೊಗೆ ಕಮ್ಮಿ ಅಂತ ರಿಜಿಸ್ಟರ್‌ನಲ್ಲಿ ಬರೆದೂಬಿಟ್ಟೆ. ತೂಕ ಹಾಕಿದರೆ ಆ ವಾರದಲ್ಲೇ ಅತಿ ಭಾರದ್ದು. ಮಸಿ ಕಡಿಮೆ, ಸಾವಯವ ಇಂಗಾಲ ವಿಪರೀತ ಜಾಸ್ತಿ. ಡೀಸೆಲ್ ಹೊಗೆಯಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು.

ಪಕ್ಕದಲ್ಲೇ ಈಥಲೋಮೀಟರ್ ಓಡುತ್ತಿತ್ತು. ಅದು 370ರಿಂದ 950 ನ್ಯಾನೋಮೀಟರ್‌ವರೆಗೆ ಏಳು ತರಂಗಾಂತರಗಳ ಬೆಳಕಿನಲ್ಲಿ ಮಸಿಯನ್ನು ಅಳೆಯುತ್ತದೆ. ಡೀಸೆಲ್ ಮಸಿಯಾದರೆ 880ಕ್ಕಿಂತ 370ರಲ್ಲಿ ಸುಮಾರು 2.4 ಪಟ್ಟು ಬೆಳಕು ಹೀರುತ್ತದೆ. ಸೌದೆ, ಎಲೆ, ಹುಲ್ಲು ಉರಿದ ಹೊಗೆಯಲ್ಲಿ ಕಂದು ಇಂಗಾಲವೂ (370ರ ಕಡೆಯ ಬೆಳಕನ್ನು ಹೆಚ್ಚು ಹೀರುವ ಸಾವಯವ ಇಂಗಾಲ) ಇರುವುದರಿಂದ ಇದು 5 ಪಟ್ಟು ದಾಟಬಹುದು. ಆ ರಾತ್ರಿಯ ಗ್ರಾಫಿನ ಗೆರೆ 370ರ ಕಡೆಗೆ ಕಡಿದಾಗಿ ಏರಿತ್ತು. ಫಿಲ್ಟರ್‌ನಲ್ಲಿ ಲೆವೊಗ್ಲುಕೋಸನ್ ಹುಡುಕಿಸಿದೆ. ಸೌದೆಯ ಸೆಲ್ಯುಲೋಸ್ ಉರಿದಾಗ ಹುಟ್ಟುವ ವಸ್ತು ಅದು. ಚೆನ್ನಾಗಿಯೇ ಸಿಕ್ಕಿತು. ರಿಜಿಸ್ಟರ್‌ನಲ್ಲಿ ಬರೆದಿದ್ದನ್ನು ಹೊಡೆದು ಹಾಕಿದೆ.

ಆದರೆ ಲೆವೊಗ್ಲುಕೋಸನ್ ಒಂದನ್ನೇ ನೆಚ್ಚಬಾರದು. ದೂರದಿಂದ ತೇಲಿ ಬರುವ ಹೊಗೆಯಲ್ಲಿ ಅದು ದಾರಿಯಲ್ಲೇ ಸವೆಯುತ್ತದೆ. ಮಸಿ ಮಾತ್ರ ಒಂದು ವಾರದ ಹೊತ್ತು ಗಾಳಿಯಲ್ಲಿ ಉಳಿದು ನೂರಾರು ಕಿಲೋಮೀಟರ್ ಸಾಗಬಲ್ಲದು. ಅನುಮಾನ ಉಳಿದ ಕೆಲವು ಫಿಲ್ಟರ್‌ಗಳನ್ನು ಕಾರ್ಬನ್-14 ಪರೀಕ್ಷೆಗೆ ಕಳಿಸುತ್ತೇನೆ. ಅದು ಇಂಗಾಲದ ವಿಕಿರಣಶೀಲ ರೂಪ, ಸುಮಾರು 5730 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕಲ್ಲಿದ್ದಲು, ಡೀಸೆಲ್‌ನಲ್ಲಿ ಅದು ಎಂದೋ ಮುಗಿದುಹೋಗಿದೆ, ಸೌದೆಯಲ್ಲಿ ಇನ್ನೂ ಇದೆ. ಗಿಡಮರಗಳು ಬಿಡುವ ಆವಿ ಬಿಸಿಲಿನಲ್ಲಿ ಬದಲಾಗಿ ಕಣವಾಗುತ್ತದಲ್ಲ, ಅದರಲ್ಲೂ ಇದೆ. ಹಾಗಾಗಿ ಸೌದೆ ಹೊಗೆಯನ್ನು ಅದರಿಂದ ಬೇರ್ಪಡಿಸಲು ಈ ಪರೀಕ್ಷೆಯೊಂದೇ ಸಾಲದು.

ಅದಕ್ಕೇ ಈಗ 24 ಗಂಟೆಯ ಫಿಲ್ಟರ್ ಕೈಬಿಟ್ಟಿದ್ದೇನೆ. ಬೆಳಗ್ಗೆ 6ಕ್ಕೆ ಒಂದು, ಸಂಜೆ 6ಕ್ಕೆ ಇನ್ನೊಂದು. ಬಿಸಿಲಿನಲ್ಲಿ ಹುಟ್ಟುವ ಕಣ ಹೆಚ್ಚಾಗಿ ಹಗಲಿನ ಫಿಲ್ಟರ್‌ನಲ್ಲಿ, ರಾತ್ರಿಯ ಬೆಂಕಿಯ ಹೊಗೆ ಇನ್ನೊಂದರಲ್ಲಿ. ಬಣ್ಣವನ್ನು ಈಗಲೂ ಬರೆದಿಡುತ್ತೇನೆ, ತೂಕದ ಪಕ್ಕದಲ್ಲಿ.