ಹಳೆ ಅಂಬಾಸಿಡರ್‌ಗೆ ಇಸುಜು ಎಂಜಿನ್: ಕೆಲಸ ಶುರುವಾಗಬೇಕಾದ್ದು ಬ್ರೇಕಿನಿಂದ

ತುಮಕೂರು ಸೀಮೆಯಲ್ಲಿ ಹುಲ್ಲಿನ ಮೆದೆಯ ಪಕ್ಕ ಟಾರ್ಪಾಲು ಹೊದ್ದು ನಿಂತ ಮಾರ್ಕ್ 3, ಮಾರ್ಕ್ 4 ಅಂಬಾಸಿಡರ್‌ಗೆ ಮತ್ತೆ ಜೀವ ಕೊಡಬೇಕೆಂದರೆ ಮೊದಲು ಕೇಳಿಬರುವ ಸಲಹೆ, ‘ಯಾವುದಾದರೂ ಹೊಸ ಎಂಜಿನ್ ಕೂರಿಸಿಬಿಡಿ’ ಅನ್ನುವುದು. ಆ ‘ಯಾವುದಾದರೂ’ ಅನ್ನುವುದರಲ್ಲೇ ದುಡ್ಡು ಹಾಳಾಗುವುದು. ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಸುಮಾರು 50 ಅಶ್ವಶಕ್ತಿಯದು, ಗೇರು ನಾಲ್ಕು. 1990ರ ದಶಕದ ಆರಂಭದಲ್ಲಿ ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ ಇದೇ ಬಾಡಿಯಲ್ಲಿ 1817 ಸಿಸಿಯ ಇಸುಜು ಎಂಜಿನ್ ಹಾಕಿ, ಐದು ಗೇರಿನ ಬಾಕ್ಸ್ ಕೊಟ್ಟು, ಸುಮಾರು 75 ಅಶ್ವಶಕ್ತಿಯ ಗಾಡಿ ಮಾರಿತು. ಹಾಗಾಗಿ ಇಸುಜು ಕೂರಿಸಲು ಬೇಕಾದ ಮೌಂಟಿಂಗ್, ರೇಡಿಯೇಟರ್, ಸೈಲೆನ್ಸರ್ ಪೈಪ್ ಎಲ್ಲ ಆಗಲೇ ತಯಾರಾಗಿವೆ. ಬೇರೆ ಎಂಜಿನ್ನಿಗೆ ಇದನ್ನೆಲ್ಲ ನೀವೇ ಕಡಿದು, ಬೆಸೆದು, ಮತ್ತೆ ಕಡಿಯಬೇಕು.

ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ತೆಗೆದು ನೋಡಿ. ಗಾಡಿ ನೋಂದಣಿಯಾಗಿ 50 ವರ್ಷ ದಾಟಿದ್ದರೆ ಎಂಜಿನ್ ಬದಲಿಸದಿರುವುದೇ ಲೇಸು. 2021ರ ವಿಂಟೇಜ್ ನಿಯಮದ ನೋಂದಣಿ ಸಿಗಬೇಕಾದರೆ ಷಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಮಿಕ್ಕವರು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಅನುಮತಿಯನ್ನು ಮೊದಲೇ ಪಡೆಯಬೇಕು. ಬದಲಿಸಿದ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಿ ಹೊಸ ಎಂಜಿನ್ ನಂಬರ್ ಬರೆಸಬೇಕು. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆ ಕೂಡದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ವಿಷಯದಲ್ಲಿ ಬಿಗಿ ಹೆಚ್ಚಾಗಿದೆ. ಹಾಗಾಗಿ ಅನುಮತಿ ಕೈಗೆ ಬರುವ ತನಕ ಗುಜರಿಯವರಿಗೆ ಮುಂಗಡ ಕೊಡಬೇಡಿ. ಆರ್‌ಸಿ ನವೀಕರಣದ ದಿನ ಬ್ರೇಕ್ ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿ ನೋಡುವುದು ಅದೇ ನಂಬರನ್ನು. ಶಿವಾಜಿನಗರದ ಗುಜರಿಯಲ್ಲಿ ಎಂಜಿನ್ ಕೊಂಡರೂ ಬಿಲ್ಲಿನಲ್ಲಿ ಎಂಜಿನ್ ನಂಬರ್ ಇರಲಿ, ಅದು ಬಂದ ಗಾಡಿಯ ಆರ್‌ಸಿ ನಕಲೂ ಸಿಗಲಿ.

ಕೊಳ್ಳುವಾಗ ಎಂಜಿನ್ ಒಂದನ್ನೇ ಕೊಳ್ಳಬೇಡಿ. ಬೆಲ್ ಹೌಸಿಂಗ್, ಫ್ಲೈವೀಲ್, ಕ್ಲಚ್, ಸ್ಟಾರ್ಟರ್, ಗೇರ್‌ಬಾಕ್ಸ್, ಎಂಜಿನ್, ಗೇರ್‌ಬಾಕ್ಸ್ ಹೊರುವ ಎರಡೂ ಕ್ರಾಸ್ ಮೆಂಬರ್ (ಅಡ್ಡಪಟ್ಟಿ), ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್, ಗೇರ್ ಲಿವರ್, ಎಂಜಿನ್ ವೈರಿಂಗ್ ಎಲ್ಲ ಒಂದೇ ಗಾಡಿಯದಾಗಿರಲಿ. ಆಮೇಲೆ ಬಿಡಿಬಿಡಿಯಾಗಿ ಹುಡುಕಿದರೆ ಸೆಟ್ಟಿನ ಬೆಲೆಯನ್ನು ಮೀರುತ್ತದೆ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯನ್ನು ಕಣ್ಣೆದುರೇ ಮಾಡಿಸಿ. ಎಂಜಿನ್ ಬಿಸಿಯಾಗಿರಲಿ, ನಾಲ್ಕೂ ಪ್ಲಗ್ ಬಿಚ್ಚಿರಲಿ, ಆಕ್ಸಿಲರೇಟರ್ ಪೂರ್ತಿ ತೆರೆದಿರಲಿ. ಸಿಲಿಂಡರ್‌ಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವೋ ಹೆಡ್ ಗ್ಯಾಸ್ಕೆಟ್ಟೋ ಹೋಗಿದೆ.

ಈಗ ಬ್ರೇಕು. ಹಳೆ ಗಾಡಿಯ ನಾಲ್ಕೂ ಡ್ರಮ್, ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ನಾಲ್ಕೂ ಚಕ್ರಕ್ಕೆ ಒಂದೇ ಜಾಲದಲ್ಲಿ ತಳ್ಳುವ ಸಿಲಿಂಡರ್) 75 ಅಶ್ವಶಕ್ತಿಗೆ ಸಾಲದು. ಒಂದು ಹೋಸ್ ಒಡೆದರೂ ಪೆಡಲ್ ನೆಲಕ್ಕೇ ಹೋಗುತ್ತದೆ. ನಂತರದ ಮಾದರಿಯ ಮುಂದಿನ ಡಿಸ್ಕ್, ಕಾಲಿನ ಒತ್ತು ಹೆಚ್ಚಿಸುವ ಬೂಸ್ಟರ್, ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಮೂರನ್ನೂ ಜೊತೆಯಾಗಿ ಹಾಕಿ, ಹಳೆ ಎಂಜಿನ್ನಿನಲ್ಲೇ ಒಂದು ತಿಂಗಳು ಓಡಿಸಿ. ಡ್ರಮ್ಮಿನ ಹಳೆ ಮಾಸ್ಟರ್ ಸಿಲಿಂಡರನ್ನು ಉಳಿಸಿಕೊಂಡು ಡಿಸ್ಕ್ ಮಾತ್ರ ಹಾಕಿದರೆ ಪೈಪಿನಲ್ಲಿ ಸ್ವಲ್ಪ ಒತ್ತಡ ಸದಾ ಉಳಿದು ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಚಕ್ರದ ಹತ್ತಿರ ಕೈ ತಂದರೆ ಕಾವು ಗೊತ್ತಾಗುತ್ತದೆ.

ಹಳೆ ಎಂಜಿನ್ ಇಳಿಸುವ ಮೊದಲು, ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ಹೊಸ ಎಂಜಿನ್ ಕೂತ ಮೇಲೆ ಮೂಗು ಎದ್ದರೆ ಇಲ್ಲವೇ ಕುಸಿದರೆ ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಸರಳನ್ನು ತಿರುಗಿಸಿ ಇದೇ ಅಳತೆಗೆ ತರಬೇಕು. ಒಂದು ಟನ್ ಚೈನ್ ಪುಲ್ಲಿ ಧಾರಾಳವಾಗಿ ಸಾಕು, ಆದರೆ ಅದನ್ನು ಹಳೆ ಶೆಡ್ಡಿನ ಜಂತೆಗೆ ನೇತುಹಾಕುವ ಸಾಹಸ ಬೇಡ. ಹೊಸ ಎಂಜಿನ್ ಹೊರಗಿರುವಾಗಲೇ ಅದರ ಹಿಂದಿನ ಆಯಿಲ್ ಸೀಲ್, ವಾಟರ್ ಪಂಪ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಹೊಸದು ಹಾಕಿ. ನೂರಿನ್ನೂರು ರೂಪಾಯಿಯ ಸೀಲಿಗಾಗಿ ಮತ್ತೆ ಗೇರ್‌ಬಾಕ್ಸ್ ಇಳಿಸುವಂತಾಗಬಾರದು.

ಕ್ರಾಸ್ ಮೆಂಬರ್‌ಗಳನ್ನು ಮೊದಲು ಬೋಲ್ಟಿನಲ್ಲಷ್ಟೇ ನಿಲ್ಲಿಸಿ, ಹೊಸ ಎಂಜಿನ್ ಅವುಗಳ ಮೇಲೆ ಕೂರಿಸಿ, ಸುತ್ತ ಜಾಗ ನೋಡಿ. ಫ್ಯಾನಿಗೂ ರೇಡಿಯೇಟರಿಗೂ ನಡುವೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ಸ್ಟೀರಿಂಗ್ ಹಾಗೂ ಬ್ರೇಕ್ ಪೈಪಿಗೂ ನಡುವೆ 25 ಮಿಲಿಮೀಟರ್ ಇರಲೇಬೇಕು. ನಿಂತ ಎಂಜಿನ್ನಿಗೆ ಸಾಕೆನಿಸಿದ ಜಾಗ ರೇಸ್ ಮಾಡಿದಾಗ ಸಾಲದು, ರಬ್ಬರ್ ಮೌಂಟಿಂಗಿನ ಮೇಲೆ ಎಂಜಿನ್ ಒಂದು ಕಡೆಗೆ ವಾಲುತ್ತದೆ. ಸ್ಟೀರಿಂಗ್ ಕೆಳಗಿನ ಹಳೆ ಗೇರ್ ಸರಳುಗಳು ಇನ್ನು ಬೇಡ. ಹೊಸ ಲಿವರಿಗೆ ಗೇರ್‌ಬಾಕ್ಸಿನ ಮೇಲೆ ಉಬ್ಬಿದ ನೆಲದ (ಸುರಂಗದ) ತಗಡು ಕತ್ತರಿಸುವ ಮೊದಲು ಐದನೇ ಗೇರ್, ರಿವರ್ಸ್ ಎರಡಕ್ಕೂ ಲಿವರ್ ಆಡುವ ಪೂರ್ತಿ ಜಾಗ ಗುರುತು ಮಾಡಿ.

ಪ್ರೊಪೆಲ್ಲರ್ ಶಾಫ್ಟ್ ಉದ್ದ ಹೊಂದದಿದ್ದರೆ ಅಂತರಸನಹಳ್ಳಿಯ ಕಡೆಯ ಲೇತ್ ಅಂಗಡಿಯಲ್ಲಿ ಕತ್ತರಿಸಿ ಬೆಸೆಸಬಹುದು, ಬ್ಯಾಲೆನ್ಸ್ ಮಾಡಿಸದೆ ಮಾತ್ರ ಹಾಕಬೇಡಿ. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಜಾರುವ ತುದಿಗೆ ಒಳಕ್ಕೆ ಸರಿಯಲು ಇನ್ನೂ 20 ಮಿಲಿಮೀಟರ್ ಬಿಟ್ಟಿರಬೇಕು. ಗೇರ್‌ಬಾಕ್ಸಿನ ವಾಲಿಗೂ ಹಿಂದಿನ ಆಕ್ಸಲ್ ಹೌಸಿಂಗಿನ ವಾಲಿಗೂ ತಾಳೆಯಾಗಲಿ. ಹೊರಡುವಾಗ ನಡುಗಿದರೆ ಕೋನದ ತಪ್ಪು, 60 ದಾಟಿದ ಮೇಲೆ ನಡುಗಿದರೆ ಬ್ಯಾಲೆನ್ಸಿನ ತಪ್ಪು ಎಂದು ಮೊದಲು ಅನುಮಾನಿಸಿ.

ಹಿಂದಿನ ಹೌಸಿಂಗ್ ಬದಲಿಸಬೇಕೇ? ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರವನ್ನು ಎತ್ತಿ. ಅದನ್ನು ಸರಿಯಾಗಿ ಎರಡು ಸುತ್ತು ತಿರುಗಿಸುವಾಗ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ಹೌಸಿಂಗಿನೊಳಗಿನ ಗೇರಿನ, ಅಂದರೆ ಕ್ರೌನ್-ಪಿನಿಯನ್ ಅನುಪಾತ. ಅದು 4.5 ಬಂತು, ಟೈರಿನ ಒಂದು ಸುತ್ತು ನೆಲದ ಮೇಲೆ 2 ಮೀಟರ್ ಅನ್ನಿ. 80ರ ವೇಗಕ್ಕೆ, ಶಾಫ್ಟಿನಷ್ಟೇ ಸುತ್ತು ಎಂಜಿನ್ ತಿರುಗುವ ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತಬೇಕು. ಐದನೇ ಗೇರು 0.85 ಆದರೆ 2550. ಹೆದ್ದಾರಿಗೆ ಇಷ್ಟು ಸಾಕು, ಹೌಸಿಂಗ್ ತಂಟೆಗೆ ಹೋಗಬೇಡಿ. ಸ್ಪೀಡೋಮೀಟರ್ ಮಾತ್ರ ಸುಳ್ಳು ಹೇಳಬಹುದು, ಫೋನಿನ ಜಿಪಿಎಸ್ ಜೊತೆ ಹೋಲಿಸಿ.

ವೈರಿಂಗಿನಲ್ಲಿ ಮೂರು ಕಡೆ ಎಚ್ಚರ. ಹಳೆ ಗಾಡಿ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಜೋಡಿಸಿದ್ದು) ಇದ್ದರೆ ಆಲ್ಟರ್ನೇಟರ್ ಜೋಡಿಸಿದ ಕ್ಷಣವೇ ಡಯೋಡ್ ಸುಡುತ್ತದೆ, ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಮೊದಲು ನೋಡಿ. ಡೈನಮೋ ಕಾಲದ, ಕರೆಂಟ್ ಅಳೆಯುವ ಆ್ಯಮೀಟರ್ ಮೂಲಕ ಆಲ್ಟರ್ನೇಟರಿನ ಪೂರ್ತಿ ಕರೆಂಟ್ ಹರಿಸಬೇಡಿ, ಡ್ಯಾಶ್‌ಬೋರ್ಡಿನ ಹಿಂದೆ ಹೊಗೆ ಏಳುತ್ತದೆ. ವೋಲ್ಟ್ ಮೀಟರ್ ಹಾಕಿ, ಎಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು. ಇನ್ನು ಎಂಜಿನ್ನಿನಿಂದ ಬಾಡಿಗೆ ಬರುವ ದಪ್ಪ ಅರ್ತ್ ಪಟ್ಟಿ. ಇದನ್ನು ಮರೆತರೆ ಸ್ಟಾರ್ಟರಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಮೂಲಕವೇ ವಾಪಸ್ ಹೋಗುತ್ತದೆ. ಕೇಬಲ್ ಬಿಸಿಯಾಗಿ, ಒಳಗಿನ ಪ್ಲಾಸ್ಟಿಕ್ ಕರಗಿ, ಪೆಡಲ್ ಒತ್ತಿದಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಹೊಸ ಕೇಬಲ್ ಹಾಕುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಪೆಟ್ರೋಲ್ ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಹೋಸಿಗೆ ಬದಲಿಸಿ, ನೂರಕ್ಕೆ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಹಳೆ ರಬ್ಬರ್ ಉಬ್ಬಿ ಬಿರಿಯುತ್ತದೆ. ಕಾರ್ಬೊರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಎಂಜಿನ್ ಆದರೆ ಸುಮಾರು 3 ಬಾರ್ ಒತ್ತಡದ ಪಂಪ್, ಟ್ಯಾಂಕಿಗೆ ವಾಪಸ್ ಪೈಪ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಎಲ್ಲವೂ ಬೇಕು. ಹಳ್ಳಿ ದಾರಿಯಲ್ಲಿ ಕೆಟ್ಟು ನಿಂತರೆ ಸ್ಕ್ರೂಡ್ರೈವರ್‌ನಲ್ಲಿ ಸರಿಹೋಗುವುದು ಕಾರ್ಬೊರೇಟರ್ ಮಾತ್ರ, ಅಪರೂಪಕ್ಕೆ ಓಡಿಸುವವರಿಗೆ ಅದೇ ವಾಸಿ.

ನೀರಿನ ವಿಷಯಕ್ಕೆ ಬಂದರೆ, ಶಿರಾ, ಪಾವಗಡ ಕಡೆಯ ಬೋರ್‌ವೆಲ್ ನೀರು ಪಾತ್ರೆಗೇ ಬಿಳಿ ಪದರ ಕಟ್ಟಿಸುತ್ತದೆ, ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಬಿಡುತ್ತದೆಯೇ? ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ, ಬೇರೇನೂ ಬೇಡ. ಹಳೆ ರೇಡಿಯೇಟರನ್ನೇ ಉಳಿಸಿಕೊಂಡಿದ್ದರೆ ಹೆಚ್ಚಿನ ಒತ್ತಡದ ಹೊಸ ಮುಚ್ಚಳ ಹಾಕಬೇಡಿ, ಬೆಸುಗೆ ಬಿಡುತ್ತದೆ.

ಮೊದಲ ಸ್ಟಾರ್ಟಿಗೆ ಮುನ್ನ ಪ್ಲಗ್ ಬಿಚ್ಚಿ, ಆಯಿಲ್ ಪ್ರೆಷರ್ ದೀಪ ಆರುವವರೆಗೆ ಸ್ಟಾರ್ಟರ್ ತಿರುಗಿಸಿ, ಒಮ್ಮೆಗೆ ಹತ್ತು ಸೆಕೆಂಡ್ ಮೀರದಂತೆ. ನಾಲ್ಕೈದು ದಿನ ಊರೊಳಗೆ ಓಡಿಸಿ, ಬೋಲ್ಟುಗಳನ್ನು ಮತ್ತೆ ಬಿಗಿದು, ಆಮೇಲೆ ಮಧ್ಯಾಹ್ನದ ಬಿಸಿಲಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ದೇವರಾಯನದುರ್ಗ ಹತ್ತಿಸಿ. ಮೇಲೆ ನಿಲ್ಲಿಸಿ ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ ತಕರಾರು ಮಾಡಿದರೆ ಪೆಟ್ರೋಲ್ ಪೈಪ್ ಎಕ್ಸಾಸ್ಟಿಗೆ ತೀರಾ ಹತ್ತಿರವಿರಬಹುದು, ದೂರ ಸರಿಸಿ ಕಟ್ಟಿ. ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಸಿ, ಕೆಳಗೆ ಬಂದ ಕೂಡಲೇ ನಾಲ್ಕೂ ಚಕ್ರದ ಕಾವು ನೋಡಿ.