ಹಳೇ ಕರಪತ್ರ ಸಿಕ್ಕಿತಾ? ಲ್ಯಾಮಿನೇಶನ್ ಅಂಗಡಿ ಕಡೆ ಹೋಗಬೇಡಿ

ಗೆಳೆಯರೊಬ್ಬರಿಗೆ ಅಜ್ಜನ ಟ್ರಂಕಿನಲ್ಲಿ 1938ರ ಧ್ವಜ ಸತ್ಯಾಗ್ರಹದ (ಸ್ವಾತಂತ್ರ್ಯ ಚಳವಳಿಯ) ಕಾಲದ ಕರಪತ್ರ ಸಿಕ್ಕಿತ್ತು. ಸಂಜೆಯೊಳಗೆ ಲ್ಯಾಮಿನೇಶನ್ ಮಾಡಿಸಿ ಖುಷಿಯಿಂದ ತೋರಿಸಿದರು. ಏನು ಹೇಳುವುದು? ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿಗೇ ಅಂಟಿರುತ್ತದೆ, ಮನೆಯಲ್ಲಿ ಬಿಡಿಸಲು ಆಗುವುದಿಲ್ಲ.

ಹುಡುಕಲು ಜಾಗಗಳಿವೆ. ಬೆಂಗಳೂರಿನ ಅವೆನ್ಯೂ ರಸ್ತೆ, ನಿಮ್ಮೂರಿನ ಗುಜರಿ ಅಂಗಡಿ, ಮನೆ ಕೆಡವುವವರ ಅಟ್ಟ. ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ 1881ರಿಂದ ದಿವಾನರು ಮಾಡಿದ ಭಾಷಣಗಳು ಸಂಪುಟಗಳಾಗಿಯೂ ಬಂದಿವೆ, ಅವು ಹೇಗೋ ಉಳಿದಿವೆ. ಚಳವಳಿಯವರ ಒಂದು ಹಾಳೆಯ ಕರಪತ್ರವೇ ಅಪರೂಪ, ಓದಿ ಎಸೆಯಲಿ ಅಂತಲೇ ಹೊಡೆದದ್ದು ಅಲ್ವಾ? ಲೈಬ್ರರಿ ಮುದ್ರೆ ಇದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಇಸವಿ ಇಲ್ಲದೆ ಬರೀ ‘ಬಹುಧಾನ್ಯ ಸಂವತ್ಸರ’ ಅಂತಿದ್ದರೆ ಅದು 1878 ಆಗಬಹುದು, 1938 ಆಗಬಹುದು. ಒಳಗಿನ ವಿಷಯ ಓದಿ ತೀರ್ಮಾನಿಸಿ. ಅಸಲಿಯೇ ಅಂತ ನೋಡಲು ಹಿಂಬದಿ ಬೆರಳಾಡಿಸಿ, ಅಚ್ಚಿನ ಮೊಳೆ (ಲೋಹದ ಅಕ್ಷರ) ಜೋಡಿಸಿ ಹೊಡೆದದ್ದಾದರೆ ಸಾಮಾನ್ಯವಾಗಿ ಅಕ್ಷರದ ಉಬ್ಬು ಸಿಗುತ್ತದೆ (ಕಲ್ಲಿನ ಮೇಲೆ ಬರೆದು ತೆಗೆದ ಕಲ್ಲಚ್ಚು, ಸ್ಟೆನ್ಸಿಲ್ ಹಾಳೆಯಿಂದ ತೆಗೆದ ಸೈಕ್ಲೋಸ್ಟೈಲಿಗೆ ಈ ಪರೀಕ್ಷೆ ನಡೆಯುವುದಿಲ್ಲ). ಧಾರವಾಡ, ಬೆಳಗಾವಿಯಂಥ ಬ್ರಿಟಿಷ್ ಆಡಳಿತದ ಊರುಗಳಲ್ಲಿ 1867ರ ಮುದ್ರಣ ಕಾಯ್ದೆ ಪ್ರಕಾರ ಮುದ್ರಕರ ಹೆಸರು, ಊರು ಹಾಕಲೇಬೇಕಿತ್ತು. ಹೆಸರಿಲ್ಲ ಅಂತ ಖೋಟಾ ಅನ್ನಬೇಡಿ. ಗುಟ್ಟಾಗಿ ಹೊಡೆದವರು ಹೆಸರು ಹಾಕಿಕೊಳ್ಳುತ್ತಾರಾ?

ಇನ್ನು ಕೆಲವು ಹಾಳೆ ಸೇರಿಸಿದ ಪುಸ್ತಿಕೆಯಾದರೆ ಜಾಸ್ತಿ ಜನ ಎಡವುವುದು ತುಕ್ಕು ಹಿಡಿದ ಸ್ಟೇಪಲ್ ಪಿನ್ನು ತೆಗೆಯುವಾಗ. ಇಕ್ಕಳ ಹಾಕಿ ಎಳೆದರೆ ಪಿನ್ನಿನ ಜೊತೆ ಕಾಗದವೂ ಬರುತ್ತದೆ. ಮಳೆಯಿಲ್ಲದ ದಿನ, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಕೂತುಕೊಳ್ಳಿ. ಪುಸ್ತಿಕೆಯನ್ನು ಪಿನ್ನಿನ ಕಾಲು ಮಡಿಚಿದ ಬದಿ ಮೇಲೆ ಬರುವಂತೆ ಇಡಿ. ಕಾಲಿಗೂ ಕಾಗದಕ್ಕೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರು ತೂರಿಸಿ, ಅದರ ಮೇಲೆ ಮೊಂಡು ಚಾಕು ಆನಿಸಿ ಒಂದೊಂದೇ ಕಾಲನ್ನು ನೆಟ್ಟಗೆ ಎತ್ತಿ. ಕಾಲು ಮುರಿದರೆ ಒಳ್ಳೆಯದೇ, ಚೂರುಚೂರಾಗಿ ತೆಗೆಯಿರಿ. ಆಮೇಲೆ ಪುಸ್ತಿಕೆ ತಿರುವಿ ಹಾಕಿ ಮುಂಬದಿಯಿಂದ ಪಿನ್ನನ್ನು ಮೆಲ್ಲಗೆ ಮೇಲೆತ್ತಿ. ತುಕ್ಕಿನ ಕಲೆ ಇರಲಿ ಬಿಡಿ, ನಿಂಬೆಹಣ್ಣು ತಿಕ್ಕಿ ತೂತು ಮಾಡಿಕೊಂಡವನು ನಾನೇ ಇದ್ದೇನೆ. ಮೂಲೆ ಮುಟ್ಟಿದರೇ ಪುಡಿಯಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾಗದ ಸಂರಕ್ಷಣೆ ಕಲಿತವರ ಕೈಗೆ ಕೊಡಿ.

ಮೃದು ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಧೂಳು ಹೊಡೆಯಿರಿ. ಮಡಿಕೆಗೆ ಇಸ್ತ್ರಿ ಬೇಡ. ಹರಿದಿದ್ದರೆ ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಕಾಗದಕ್ಕೆ ಇಳಿಯುತ್ತದೆ. ಫೆವಿಕಾಲೂ ಬೇಡ. ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಇದ್ದರೆ ಸರಿ, ಇಲ್ಲದಿದ್ದರೆ ಹರಿದ ಚೂರನ್ನು ಜೊತೆಗಿಟ್ಟು ಸುಮ್ನಿರಿ.

ಆಮ್ಲರಹಿತ (ಆಸಿಡ್-ಫ್ರೀ) ಕಾಗದದ ಕವರಿನಲ್ಲಿ ಮಲಗಿಸಿಡಿ. ಅಂಗಡಿಯ ಪಿವಿಸಿ ಪ್ಲಾಸ್ಟಿಕ್ ಫೈಲು ವಾಸನೆ ಬರುವ ದರಿದ್ರ ವಸ್ತು, ಶಾಯಿ ಅದಕ್ಕೇ ಅಂಟಿಕೊಳ್ಳುತ್ತದೆ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಅಂತ ಬೇರೆ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ.

ಅಮೆರಿಕದಲ್ಲಿರುವ ಮಗನಿಗೆ ಕಳಿಸುವ ಆಸೆಯಿದ್ದರೆ ಸ್ಕ್ಯಾನ್ ಕಳಿಸಿ. 75 ವರ್ಷ ದಾಟಿದ, ಐತಿಹಾಸಿಕ ಬೆಲೆಯಿರುವ ದಾಖಲೆ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ನಾವು ನೀವು ಅದನ್ನು ದೇಶದಾಚೆ ಕಳಿಸುವಂತಿಲ್ಲ.