ಮನೆಭಾಷೆ ಬೇರೆಯಾದ ಪೋಷಕರನ್ನು ಶಾಲೆಗೆ ಹತ್ತಿರ ತರುವುದು ಹೇಗೆ?

ಎರಡನೇ ತರಗತಿಯ ಹುಡುಗನೊಬ್ಬನ ತಾಯಿ ಪೋಷಕರ ಸಭೆಗೆ ಬಂದು ಬಾಗಿಲ ಹತ್ತಿರವೇ ನಿಂತಿದ್ದರು. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಹುಡುಗನನ್ನೇ ಕರೆದು, ಅಮ್ಮನಿಗೆ ಹೇಳಪ್ಪಾ ಅಂದೆ. ಲೆಕ್ಕದಲ್ಲಿ ಹಿಂದಿದ್ದಾನೆ, ಹೋಮ್‌ವರ್ಕ್ ತರುವುದಿಲ್ಲ ಅಂತ ನಾನು ಐದಾರು ಮಾತು ಹೇಳಿದೆ. ಅವನು ಒಂದೇ ಮಾತು ಹೇಳಿ ತಲೆ ತಗ್ಗಿಸಿದ. ಮುಂದಿನ ಸಭೆಗೆ ಆ ತಾಯಿ ಬರಲಿಲ್ಲ.

ಮಗುವನ್ನು ಯಾವತ್ತೂ ದುಭಾಷಿ ಮಾಡಬೇಡಿ. ತನ್ನ ತಪ್ಪನ್ನು ತಾನೇ ಅಮ್ಮನಿಗೆ ಒಪ್ಪಿಸುವುದು ಎಷ್ಟು ಕಷ್ಟ, ಅಲ್ವಾ? ಆ ಭಾಷೆ ಬಲ್ಲ ದೊಡ್ಡವರನ್ನು ಕರೆಯಿರಿ. ಮನೆಯ ವಿಷಯ ಹೊರಗೆ ಹೇಳದವರಾಗಿರಲಿ. ಮಾತಾಡುವಾಗ ಪೋಷಕರ ಮುಖ ನೋಡಿ ಮಾತಾಡಿ.

ಶಾಲೆಗೆ ಸೇರಿಸುವಾಗಲೇ ಕೇಳಿ: ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಯಾವುದನ್ನು ಓದುತ್ತೀರಿ? ಎರಡೂ ಒಂದೇ ಇರಬೇಕೆಂದಿಲ್ಲ. ಓದಲು ಬಾರದವರಿಗೆ ಅನುವಾದ ಮಾಡಿದ ಸುತ್ತೋಲೆಯಿಂದ ಏನು ಪ್ರಯೋಜನ? ಅವರ ಭಾಷೆಯಲ್ಲಿ ಒಂದು ವಾಯ್ಸ್ ಮೆಸೇಜ್ ಸಾಕು.

ಮೊದಲ ಸಂದೇಶ ದೂರು ಆಗಬಾರದು. ಆ ತಾಯಿಗೆ ಆಮೇಲೆ ನಾನು ಕಳಿಸಿದ್ದು ಇಷ್ಟೇ: ‘ಇವತ್ತು ಆಟದಲ್ಲಿ ಬಿದ್ದ ಗೆಳೆಯನನ್ನು ನಿಮ್ಮ ಮಗನೇ ಎಬ್ಬಿಸಿ ಕರೆತಂದ.’ ತಕ್ಷಣ ಉತ್ತರ ಬಂತು.

ಪೋಷಕರು ಸುಮ್ನೆ ಕುಳಿತರೆ ಕಾಳಜಿ ಇಲ್ಲ ಅಂತಲ್ಲ. ಟೀಚರನ್ನು ಪ್ರಶ್ನಿಸುವುದೇ ಅಗೌರವ ಅಂತ ನಂಬಿ ಬೆಳೆದವರು ಎಷ್ಟೋ ಜನ ಇದ್ದಾರೆ. ಅವರಿಗೆ ‘ಸಹಕರಿಸಿ’ ಅನ್ನುವುದಕ್ಕಿಂತ, ‘ರಾತ್ರಿ ಹತ್ತು ನಿಮಿಷ ನಿಮ್ಮ ಭಾಷೆಯಲ್ಲೇ ಕಥೆ ಹೇಳಿ’ ಅನ್ನಿ. ಮನೆಯಲ್ಲೂ ಶಾಲೆಯ ಭಾಷೆಯಲ್ಲೇ ಮಾತಾಡಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಮನೆಭಾಷೆ ಗಟ್ಟಿಯಿದ್ದರೆ ಇನ್ನೊಂದು ಭಾಷೆ ಕಲಿಯಲು ಅದೇ ಆಸರೆ. ಶಿಕ್ಷಣವು ಮಗುವಿನಲ್ಲಿ ತಂದೆತಾಯಿ, ತನ್ನ ಭಾಷೆ, ಸಂಸ್ಕೃತಿಗಳ ಬಗ್ಗೆ ಗೌರವ ಬೆಳೆಸಬೇಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯೇ ಹೇಳುತ್ತದೆ.

ವರ್ಷಕ್ಕೊಮ್ಮೆ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಕರೆದರೆ ಸಾಲದು. ಅವರ ಕೈಕೆಲಸವನ್ನು ಪಾಠಕ್ಕೆ ತನ್ನಿ. ಆ ತಾಯಿ ಬಟ್ಟೆ ಹೊಲಿಯುತ್ತಿದ್ದರು. ಅಳತೆಯ ಪಾಠದ ದಿನ ಟೇಪು ತಗೊಂಡು ಬನ್ನಿ ಅಂದೆ. ಬಂದರು. ಒಂದೊಂದು ಮಗುವಿನ ತೋಳಿಗೂ ಟೇಪು ಹಿಡಿದು, ಅಂಕಿಯನ್ನು ತಮ್ಮ ಭಾಷೆಯಲ್ಲೇ ಜೋರಾಗಿ ಹೇಳಿದರು. ಯಾರೂ ಕರೆಯದೆಯೇ ಮಗ ಎದ್ದು ಬಂದು, ಒಂದೊಂದನ್ನೂ ಬೋರ್ಡಿನ ಮೇಲೆ ಬರೆಯುತ್ತಾ ಹೋದ. ಮುಂದಿನ ಸಭೆಯಲ್ಲಿ ಆ ತಾಯಿ ಮೊದಲ ಬೆಂಚಿನಲ್ಲಿ ಕುಳಿತಿದ್ದರು.